ಪ್ರಿಂಟಿನ್ಯಾಗ ಬರಲ್ಲ

ಡಬ್ಬಿ ಇರಲಿಲ್ಲ. ಯಾವುದೋ ಹಳೇ ಡಬ್ಬಿ ಮ್ಯಾಲಿನ ಚೀಟಿ ಕತ್ತರಿಸಿ
ಕಾರ್ಡಿಗೆ ರಬ್ಬರ್ ಹಾಕಿ ಕಟ್ಟಿ ಕೊಟ್ಟ ಮೋಯಿನ್,
ಕಲಬುರಗಿ ಸೂಪರ್ ಮಾರ್ಕೆಟ್ಟಿನ ಮ್ಯಾಲಿನ ಮಾಳಿಗ್ಯಾಗ.
ಎಂಟುನೂರು ಹೇಳಿ ಆರುನೂರಕ್ಕ ಬಿಟ್ಟ.
"ಗೇಮ್ ಆಡಂಗಿಲ್ಲ, ಆಸೆ ಇಟ್ಕೋಬ್ಯಾಡ" ಅಂದ.
ನಾ ಯಾಕ ಆಡ್ಲಿ. ನನ್ನದು ಶಹಾಬಾದಿನ್ಯಾಗ
ಹತ್ತು ಫೂಟಿನ ಡಿಟಿಪಿ ಅಂಗಡಿ:
ಲಗ್ನಪತ್ರ, ರಬ್ಬರ್ ಸ್ಟಾಂಪು,
ವರನ ಬಯೋಡಾಟಾ, ಸತ್ತವರ ಫ್ಲೆಕ್ಸು.

ಬಸ್ಸಿನ್ಯಾಗ ಕೂತು ಚೀಟಿ ಓದಿದೆ,
ಬಯೋಡಾಟಾ ಓದಿದಂಗ.
ಎತ್ತರ: ಗಿಡ್ಡ. ಸಣ್ಣ ಕ್ಯಾಬಿನೆಟ್ಟಿಗೂ ಹೊಂದ್ತಾನ.
ಕೋರು: ಹದಿನಾರು. ನಮ್ಮ ಮನ್ಯಾಗಿನ ಮಂದಿಗಿಂತ ಎರಡೇ ಹೆಚ್ಚು.
ಗಡಿಯಾರ: ಐನೂರಾ ಎಂಬತ್ತೊಂಬತ್ತು ಮೆಗಾಹರ್ಟ್ಸ್.
ಐನೂರಾ ತೊಂಬತ್ತು ಅಂತ ಬರಿಲಿಲ್ಲ ನೋಡು, ಪ್ರಾಮಾಣಿಕ ಇರಬೇಕು.
ನೆನಪು: ಒಂದು ಜಿಬಿ.
ಬಸ್ಸು: ಅರವತ್ನಾಕು ಬಿಟ್ಟು.
(ನಾ ಕೂತ ಬಸ್ಸಿನ್ಯಾಗ ಐವತ್ತೆರಡು ಸೀಟು, ತೊಂಬತ್ತು ಮಂದಿ.)
ಬಾಯಿ: ಮೂರು. ಎರಡಕ್ಕ ನಮ್ಮಲ್ಲಿ ವೈರೇ ಇಲ್ಲ,
ನೀಲಿ ಬಾಯಿ ಒಂದೇ ಮಾತಾಡ್ತದ.
ಬೇಡಿಕೆ: ಮೂವತ್ತು ವ್ಯಾಟ್.
ಬ್ಯಾರೆ ವೈರ್ ಕೇಳಲ್ಲ, ಕೂತ ಜಾಗದಾಗೇ ಸಿಕ್ಕಿದ್ದು ಉಣ್ತಾನ.
ಇಂಥ ವರ ಎಲ್ಲಿ ಸಿಗ್ತಾನ.
ತಾಳೋ ಕಾವು: ನೂರಾ ಐದು ಡಿಗ್ರಿ.
ಖಾತ್ರಿ ಆಯ್ತು, ಇವ ನಮ್ಮ ಕಡಿಯವನೇ.

ಏಳು ವರ್ಷ ಬಾಳಿದ.
ಫ್ಯಾನಿಗೆ ಫರಸಿ ಪಾಲಿಶಿನ ಧೂಳು ಕೂಡೋದು,
ದೀಪಾವಳಿಗೊಮ್ಮೆ, ಮೊಹರಂಗೊಮ್ಮೆ
ಹಲ್ಲುಜ್ಜೋ ಬ್ರಶ್ಶಿಲೆ ತಿಕ್ಕೋದು.
ಬ್ರಶ್ಶಿನ ತುದಿಗೆ ಊರೇ ಬರೋದು, ಬೂದಿ ಬಣ್ಣದ್ದು.

ಈ ಯುಗಾದಿ ಆದ ಮ್ಯಾಲ
ಮಾನಿಟರಿನ ತುಂಬ ಬಿಳಿ ಚುಕ್ಕಿ,
ಸುಣ್ಣ ಸಿಡಿಸಿದಂಗ.
"ಮೆಮೊರಿ ಹೋಗ್ಯಾದ" ಅಂದ ಮೋಯಿನ್ ಫೋನಿನ್ಯಾಗ,
"ಪೂರ್ತಿ ಅಲ್ಲ, ಅಲ್ಲಲ್ಲಿ."
ನಗು ಬಂತು. ನಮ್ಮ ಅತ್ತಿಗೂ ಹಿಂಗೇ ಅಂದಿದ್ರು ಡಾಕ್ಟರು.

ಅವತ್ತೇ ಬಂದಳು ಸಾಬಮ್ಮ, ಮಗಳ ಸಂಗಾಟ.
ಲಾಡ್ಲೆಪ್ಪ ತೀರಿ ಆರು ದಿನ.
ಮೂರು ಫೂಟ್ ಅಗಲ, ನಾಕು ಫೂಟ್ ಉದ್ದ,
ಖಣಿ ಬಾಜೂ ಕಂಬಕ್ಕ ಕಟ್ಟೋದು.
ಫೋಟೊ ಮಗಳ ಲಗ್ನದ್ದು:
ಮೀಸಿ ತೀಡಿ, ಪೌಡರ್ ಹಚ್ಚಿ, ಕಡ ತಂದ ಕೋಟು.
ನಾ ಹಿಂದಿನ ಮಂದಿನ್ನೆಲ್ಲ ಅಳಿಸಿ ಆಕಾಶ ಇಟ್ಟೆ,
ಎರಡು ದೀಪ, ಒಂದು ಹಾರ.
ಸ್ಕ್ರೀನಿನ್ಯಾಗ ಮಾತ್ರ ಅವನ ಹುಬ್ಬು, ರೆಪ್ಪಿ, ಭುಜ
ಎಲ್ಲಾ ಬಿಳಿ.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕ, ಕಾರ್ಡು ಕೆಟ್ಟದ" ಅಂದೆ.
ಸಾಬಮ್ಮ ಕುರ್ಚಿ ಎಳೆದು ಹತ್ರ ಬಂದಳು.
ಸೆರಗಿನ ಚುಂಗು ಮುಂದಕ್ಕ ಹೋಯ್ತು, ಗ್ಲಾಸಿಗೆ ಮುಟ್ಟಲಿಲ್ಲ.
"ಈಗ ಬಂದಂಗ ಕಾಣ್ತಾನ" ಅಂದಳು.
"ಸಂಜಿ ಆರಕ್ಕ. ಬಾಗಿಲದಾಗ ನಿಂತು ಟವೆಲ್ ಝಾಡಿಸ್ತಿದ್ದ,
ನಾ ಬೈತಿದ್ದೆ, ಒಳಗ ಝಾಡಿಸ್ಬ್ಯಾಡ ಅಂತ."

"ಅವ್ವಾ, ಪ್ರಿಂಟಿನ್ಯಾಗ ಹಿಂಗ ಬರಲ್ಲ" ಅಂದಳು ಮಗಳು,
"ಸಾಫ್ ಬರ್ತದ. ಹೌದಲ್ರಿ?"
ಹೌದು ಅಂದೆ. ಫೈಲಿನ್ಯಾಗ ಏನೂ ಇಲ್ಲ,
ಇದು ತೋರ್ಸೋದ್ರಾಗಿನ ದೋಷ.
ಹನ್ನೊಂದು ವರ್ಷದ ಧಂದೆದಾಗ
ಇಷ್ಟು ಖರೆ ಮಾತು ನಾ ಆಡಿಲ್ಲ,
ಆಡಿ ಇಷ್ಟು ನಾಚಿಕಿನೂ ಆಗಿಲ್ಲ.

"ಬರಲ್ಲಾ?" ಅಂದಳು ಸಾಬಮ್ಮ.
"ಸ್ವಲ್ಪನೂ?"

ನಾಯ್ಜ್ ಫಿಲ್ಟರ್ ಅಂತ ಒಂದದ, ಒಂದೇ ಕ್ಲಿಕ್ಕು.
ಹಾಕಿ ನೋಡಿದೆ.
ಕೆಟ್ಟ ಟಿವಿಯಾಗ ನಿಂತವನಂಗ ಕಂಡ. ತೆಗೆದೆ.
ಬಿಲ್ಲು ಮುನ್ನೂರಾ ಅರವತ್ತು ಆಯ್ತು, ಮುನ್ನೂರು ತಗೊಂಡೆ.

ಬ್ಯಾರೆ ಕಾರ್ಡು ಸಿಕ್ಕದ, ಎರಡು ಜಿಬಿ,
ನಾಳೆ ಬಸ್ಸಿಗೆ ಹಾಕ್ತೀನಿ ಅಂದ ಮೋಯಿನ್.
ಸೋಮವಾರ ಹಾಕು ಅಂದೆ.
ಯಾಕ ಅಂತ ಕೇಳ್ದ. ಹಂಗೇ ಅಂದೆ.
ಭಾನುವಾರ ಸಾಬಮ್ಮ ಫ್ಲೆಕ್ಸ್ ಒಯ್ಯಲಿಕ್ಕ ಬರ್ತಾಳ.